ಬಾಗಿಲಿಗೆ ಜಾಲಿ ಕಟ್ಟಿದ ಹಬ್ಬ

ಈ ಸಲ ಸೊಸೆ ಬಳ್ಳಾರಿಯ ಪೇಟೆಯಿಂದ ಪ್ಲಾಸ್ಟಿಕ್ ಎಲೆಯ ಒಂದು ಚಕ್ರ ತಂದು ಮುಂಬಾಗಿಲಿಗೆ ತೂಗುಹಾಕಿದಳು. ಹಸಿರು ಎಲೆ, ಕೆಂಪು ಹಣ್ಣು, ನಡುವೆ ಒಂದು ಪುಟ್ಟ ಗಂಟೆ. ನೋಡಲು ಚಂದವೇ. ನಾನು ಅದನ್ನು ಬಿಚ್ಚಿ ಕಿಟಕಿಗೆ ಹಾಕಿದೆ. ಅವಳು ಮತ್ತೆ ಬಾಗಿಲಿಗೆ ಹಾಕಿದಳು. ನಾನು ಮತ್ತೆ ಕಿಟಕಿಗೆ ಹಾಕಿದೆ. ಮೂರನೇ ಸಲಕ್ಕೆ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು, “ಅತ್ತಿ, ಅದು ಬಾಗ್ಲಾಗ ಇದ್ರ ನಿಮಗೇನ್ ಚುಚ್ಚತೈತೇನ್ರಿ?” ಎಂದಳು.

ಚುಚ್ಚುತ್ತದೆ ತಾಯಿ, ಎನ್ನಬೇಕೆಂದಿದ್ದೆ. ಎನ್ನಲಿಲ್ಲ. ಹೇಳಹೊರಟರೆ ಅದು ಅಲ್ಲಿಗೆ ಮುಗಿಯುವ ಮಾತಲ್ಲ. ಡಿಸೆಂಬರ್ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಕರ್ಚಿಕಾಯಿಗೆ ಹಿಟ್ಟು ನಾದುತ್ತಿದ್ದವಳು ಎದ್ದು ಹೋಗಿ ಬಾಗಿಲು ನೋಡಿ ಬರುತ್ತೇನೆ. ಹಬ್ಬದ ಬೆಳಿಗ್ಗೆ ಚರ್ಚಿಗೆಂದು ಓಣಿಯ ತಿರುವಿನವರೆಗೆ ಹೋದವಳು ಅಲ್ಲಿಂದ ತಿರುಗಿ ಬರುತ್ತೇನೆ. ಮಗ ಅದಕ್ಕೆ ‘ಅಮ್ಮನ ಎರಡನೇ ರೌಂಡು’ ಎಂದು ಹೆಸರಿಟ್ಟಿದ್ದಾನೆ. ಅವರೆಲ್ಲ ನಾನು ಬೀಗ ನೋಡಲು ಬರುತ್ತೇನೆ ಎಂದುಕೊಂಡಿದ್ದಾರೆ. ಕಳ್ಳ ಬಂದು ಒಯ್ಯುವಂಥದ್ದು ನಮ್ಮ ಮನೆಯಲ್ಲಿ ಏನಿದೆ ಹೇಳಿ. ನಾನು ನೋಡಲು ಬರುವುದು ಬಾಗಿಲಿಗೆ ಅಡ್ಡವಾಗಿ ಏನಾದರೂ ಇದೆಯೇ ಎಂದು.

ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳಿ. ನನ್ನ ಮಾತಿಗೂ ನನ್ನ ಕಾಲಿನದೇ ಚಾಳಿ, ನೇರ ಹೋಗಿ ಗೊತ್ತಿಲ್ಲ.

ನಾನು ಹುಟ್ಟಿ ಬೆಳೆದದ್ದು ಸಿರುಗುಪ್ಪದಲ್ಲಿ. ಅಪ್ಪ ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಹೆಸರು ದೇವದಾನ, ಊರು ಬಳ್ಳಾರಿಯ ಕೌಲ್ ಬಜಾರು. ಪೇಟೆಯ ಮನುಷ್ಯ; ಎಂಜಿನ್ನಿನ ಸದ್ದು ಕೇಳಿ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದ, ಎತ್ತಿನ ಹತ್ತಿರ ಹೋಗಲು ಹೆದರುತ್ತಿದ್ದ. ನನಗಾಗ ಹನ್ನೊಂದು ವರ್ಷ, ತಮ್ಮ ಸುಂದರನಿಗೆ ಆರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಊರಿನಲ್ಲಿ ನಮ್ಮವರ ಮನೆಗಳು ಹತ್ತೋ ಹನ್ನೆರಡೋ. ಒಂದು ಹಂಚಿನ ಮನೆಯನ್ನೇ ಪ್ರಾರ್ಥನೆಗೆ ಇಟ್ಟುಕೊಂಡಿದ್ದೆವು. ಹಬ್ಬಕ್ಕೆ ಬಳ್ಳಾರಿಯಿಂದ ಪಾದ್ರಿ ಅಯ್ಯನೋರು ಬರುತ್ತಿದ್ದರು, ಬಂದವರು ಮಾತು ಶುರು ಮಾಡಿದರೆ ನಿಲ್ಲಿಸುವುದನ್ನು ಮರೆಯುತ್ತಿದ್ದರು.

ಹಬ್ಬಕ್ಕೆ ಒಂದು ಗಿಡ ಬೇಕಲ್ಲ. ಕ್ಯಾಲೆಂಡರಿನ ಚಿತ್ರದಲ್ಲಿ ಇರುವಂಥ ಗಿಡ ನಮ್ಮ ಸೀಮೆಯಲ್ಲಿ ಯಾರೂ ಕಂಡವರಿಲ್ಲ. ನಮ್ಮಲ್ಲಿ ಬೇಡ ಬೇಡವೆಂದರೂ ಬೆಳೆಯುವುದು ಜಾಲಿ. ಬೇರೆ ಜಿಲ್ಲೆಯವರು ಅದಕ್ಕೆ ಬಳ್ಳಾರಿ ಜಾಲಿ ಎಂದು ನಮ್ಮ ಹೆಸರನ್ನೇ ಕಟ್ಟಿದ್ದಾರೆ, ನಾವೇನೋ ಬಿತ್ತಿ ಹಂಚಿದವರ ಹಾಗೆ! ಅಪ್ಪ ಕಾಲುವೆ ದಂಡೆಯಿಂದ ಒಂದು ಒಳ್ಳೆ ಕೊಂಬೆ ಕಡಿದು, ಸೈಕಲ್ಲಿನ ಹಿಂದೆ ಎಳೆದುಕೊಂಡು ಬರುತ್ತಿದ್ದ. ಬರುವಾಗ ಎರಡು ಟ್ಯೂಬು ಪಂಕ್ಚರ್ ಆಗುವುದು ಖಾಯಂ. ಸೀಮೆಎಣ್ಣೆ ಡಬ್ಬಿಗೆ ಮರಳು ತುಂಬಿ ಅದರಲ್ಲಿ ಕೊಂಬೆ ನಿಲ್ಲಿಸಿದರೆ ಗಿಡ ಆಯಿತು.

ಅಲಂಕಾರಕ್ಕೆ ಅಂಗಡಿಯಿಂದ ಏನೂ ಬರುತ್ತಿರಲಿಲ್ಲ. ಹೊಲದಲ್ಲಿ ಹತ್ತಿ ಬಿಡಿಸಿದ ಮೇಲೆ ಗಿಡದಲ್ಲಿ ಉಳಿದುಹೋದ ಅರಳೆಯನ್ನು ಆರಿಸಿ ತರುತ್ತಿದ್ದೆವು. ಒಂದೊಂದು ಮುಳ್ಳಿಗೆ ಒಂದೊಂದು ಎಳೆ ಸಿಕ್ಕಿಸಿದರೆ ಅದೇ ಹಿಮ. ಹಿಮ ಎಂದರೇನು ಎಂದು ಸುಂದರ ಕೇಳಿದಾಗ ಅಪ್ಪ ಬಹಳ ಹೊತ್ತು ಯೋಚನೆ ಮಾಡಿ, “ಐಸ್ ಕ್ಯಾಂಡಿ ಪುಡಿ ಮಾಡಿದಂಗ” ಎಂದ. ಸುಂದರ ಆವತ್ತಿನಿಂದ ಆ ಗಿಡದ ಅರಳೆಯನ್ನು ಯಾರೂ ನೋಡದಾಗ ನೆಕ್ಕುತ್ತಿದ್ದ. ದೇಶನೂರಿನ ಗದ್ದೆಯವರು ಗಿರಣಿಗೆ ಭತ್ತ ತಂದಾಗ ಅಪ್ಪ ಕೇಳಿ ಇಸಿದುಕೊಂಡ ತೆನೆಗಳು ಬಂಗಾರದ ಬಣ್ಣಕ್ಕೆ. ಕೆಂಪಿಗೆ ಗುಲಗಂಜಿ. ನಕ್ಷತ್ರ ಮಾಡುವುದು ನನ್ನ ಪಾಲು. ಜೋಳದ ದಂಟು ಸುಲಿದು ಒಳಗಿನ ಬೆಂಡು ತೆಗೆದು, ಅದೇ ಸಿಪ್ಪೆಯ ಕಡ್ಡಿ ಚುಚ್ಚಿ ಚುಚ್ಚಿ ಕಟ್ಟಬೇಕು. ಅದರಲ್ಲಿ ಎತ್ತಿನ ಬಂಡಿ, ಕನ್ನಡಕ, ಗಡಿಯಾರ ಎಲ್ಲ ಮಾಡಿ ಕೈ ಪಳಗಿತ್ತು. ಆದರೆ ನನಗೆ ತಾಳ್ಮೆ ಎಲ್ಲಿಂದ ಬರಬೇಕು? ಐದು ಮೂಲೆಯ ನಕ್ಷತ್ರ ಶುರು ಮಾಡಿ ನಾಲ್ಕಕ್ಕೇ ಎದ್ದುಹೋಗುತ್ತಿದ್ದೆ. ಕೂಸು ಯೇಸುವನ್ನು ನೋಡಲು ಹೊರಟ ಜ್ಞಾನಿಗಳು ದಾರಿ ತಪ್ಪದೆ ಬಂದದ್ದು ನನ್ನ ನಕ್ಷತ್ರ ನೋಡಿಕೊಂಡಲ್ಲ, ಪುಣ್ಯ.

ಯೇಸು ಹುಟ್ಟಿದ ಗೋದಲಿಯ ಬೊಂಬೆಗಳದ್ದು ಇನ್ನೊಂದು ಕಥೆ. ಪೇಟೆಯವನಾದ ಅಪ್ಪ ಹೊಲದ ಎರೆಮಣ್ಣು ತಂದು, ನುಣ್ಣಗೆ ಕಲಸಿ, ಮರಿಯಮ್ಮ, ಯೋಸೇಫ, ಕೂಸು, ಕುರಿ ಎಲ್ಲ ಮಾಡಿ ಬಿಸಿಲಿಗೆ ಇಟ್ಟ. ಎರೆಮಣ್ಣು ಒಣಗಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಸಂಜೆಗೆ ಯೋಸೇಫನ ಹೊಟ್ಟೆ ಅಡ್ಡಡ್ಡ ಸೀಳಿತ್ತು, ಕುರಿಗಳ ಕಾಲು ಕಳಚಿತ್ತು. ಅಮ್ಮ ನಕ್ಕು ನಕ್ಕು ಸುಸ್ತಾದಳು. “ಏನ್ರಿ, ಎಂಜಿನ್ ಅಲ್ಲ ಇದು, ಮಣ್ಣು. ನನ್ನನ್ನ ಕೇಳಬೇಕಿಲ್ಲ?” ಅಪ್ಪ ಮೂತಿ ಸಣ್ಣದು ಮಾಡಿಕೊಂಡು ಬಿರುಕುಗಳಿಗೆಲ್ಲ ಗಿರಣಿಯ ಗ್ರೀಸು ಮೆತ್ತಿದ.

ಅಮ್ಮ ಮಣ್ಣಿನ ಮನೆಯಿಂದ ಬಂದವಳು. ಹೆಸರು ಗಂಗಮ್ಮ. ಅಯ್ಯನೋರು ದೀಕ್ಷಾಸ್ನಾನದ ಹೆಸರು ಹಿಡಿದು ಗ್ರೇಸಮ್ಮ ಎಂದು ಕರೆದಾಗ ಅವಳು ಸುತ್ತ ನೋಡುತ್ತಿದ್ದಳು, ಬೇರೆ ಯಾರನ್ನೋ ಕರೆದ ಹಾಗೆ. ಕುರುಗೋಡಿನ ಹತ್ತಿರ ಬಾದನಹಟ್ಟಿಯಲ್ಲಿ ಅವಳ ತವರು. ಹಣೆಗೆ ಈಬತ್ತಿ, ಅದೇ ವಿಭೂತಿ, ಹಚ್ಚದೆ ನೀರು ಕುಡಿಯದ ಒಕ್ಕಲು ಮನೆ. ಅಲ್ಲಿನ ಹೊಲದ ಆಯಿಲ್ ಎಂಜಿನ್ ಕೆಟ್ಟಿತೆಂದು ಬಳ್ಳಾರಿಯಿಂದ ರಿಪೇರಿಗೆ ಕರೆಸಿದ್ದು ನಮ್ಮಪ್ಪನನ್ನು. ಮೂರು ದಿನದ ಕೆಲಸಕ್ಕೆ ಅಪ್ಪ ಹದಿನೈದು ದಿನ ತಗೊಂಡನಂತೆ. ಅಮ್ಮ ಹೊಲಕ್ಕೆ ಬುತ್ತಿ ತರುತ್ತಿದ್ದಳು, ಅಷ್ಟೇ ನಮಗೆ ಹೇಳಿದ್ದು. ಎಂಜಿನ್ ಸರಿಹೋದ ವಾರಕ್ಕೆ ಅಮ್ಮ ಮನೆ ಬಿಟ್ಟಳು. ಅಜ್ಜ ಆ ಎಂಜಿನ್ನನ್ನೇ ಮಾರಿಬಿಟ್ಟ. ನನ್ನ ಮಗಳು ಸತ್ತಳು ಎಂದು ಊರಿಗೆಲ್ಲ ಹೇಳಿದ. ನಾನು ಹುಟ್ಟುವಾಗ ಅಮ್ಮನನ್ನು ತವರಿಗೆ ಕರೆಯಲು ಯಾರೂ ಬರಲಿಲ್ಲ, ಸುಂದರ ಹುಟ್ಟುವಾಗಲೂ ಬರಲಿಲ್ಲ. ಹಿಂದಿನ ವರ್ಷ ಅಜ್ಜ ತೀರಿಕೊಂಡಾಗ ಮಣ್ಣಿಗೂ ಕರೆಯಲಿಲ್ಲ. ಸೋದರಮಾವಂದಿರು ಇಬ್ಬರೂ ಅಜ್ಜನ ಮಾತನ್ನೇ ಹಿಡಿದಿದ್ದರು. ಹನ್ನೆರಡು ವರ್ಷದಲ್ಲಿ ಅಮ್ಮ ತನ್ನ ಅವ್ವನ ಮುಖ ನೋಡಿರಲಿಲ್ಲ.

ಅಂಥದ್ದರಲ್ಲಿ ಆ ಡಿಸೆಂಬರಿನಲ್ಲಿ ಬಾದನಹಟ್ಟಿಯಿಂದ ಗಿರಣಿಗೆ ಭತ್ತ ತಂದ ಬಂಡಿಯ ಕರಿಬಸಪ್ಪ ಎಂಬುವನು ಅಪ್ಪನನ್ನು ಮರೆಗೆ ಕರೆದು ಹೇಳಿದನಂತೆ: “ಮುದುಕಿ ನಿಮ್ಮ ಹಬ್ಬದ ದಿನ ಬರ್ತಾಳಂತ. ಮಧ್ಯಾಹ್ನ ಮೂರರ ಬಸ್ಸಿಗೆ. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದಾಳ.”

ಅಪ್ಪ ಬಂದು ಹೇಳಿದಾಗ ಅಮ್ಮ ಅಕ್ಕಿ ತೊಳೆಯುತ್ತಿದ್ದಳು. ನಂಬಲಿಲ್ಲ. ಮೂರು ಸಲ ಹೇಳಿಸಿದಳು. ಆಮೇಲೆ ಅದೇ ಅಕ್ಕಿಯನ್ನು ನಾಲ್ಕು ಸಲ ತೊಳೆದಳು.

ಅಲ್ಲಿಂದ ಶುರುವಾಯಿತು ನೋಡಿ ಮನೆಯಲ್ಲಿ ಪೀಕಲಾಟ. ನನಗೆ ಚಂಚಲ ಸ್ವಭಾವ ಯಾರಿಂದ ಬಂತೆಂದು ನನಗೆ ಆಗ ಗೊತ್ತಾಯಿತು. ಅಮ್ಮ ನೆಲ ಸಾರಿಸಿದಳು, ಒಣಗುವ ಮೊದಲೇ ಮತ್ತೆ ಸಾರಿಸಿದಳು. ಹಳೆ ಪಾತ್ರೆಯಲ್ಲಿ ಕೋಳಿ ಬೆಂದಿದೆ, ಅದರಲ್ಲಿ ಅವ್ವ ಉಣ್ಣುವುದಿಲ್ಲ ಎಂದು ಕುಂಬಾರ ಓಣಿಯಿಂದ ಹೊಸ ಗಡಿಗೆ ತಂದಳು. ಈ ಸಲ ಹಬ್ಬಕ್ಕೆ ಕೋಳಿ ಇಲ್ಲ ಎಂದು ಸಾರಿದಳು. ಸುಂದರ ನೆಲದ ಮೇಲೆ ಉರುಳಾಡಿ ಅತ್ತ. “ಕೋಳಿ ಇಲ್ದಿದ್ರ ಯೇಸಪ್ಪ ಹುಟ್ಟಂಗಿಲ್ಲ” ಎಂಬುದು ಅವನ ವಾದ. ಶೇಂಗಾ ಹೋಳಿಗೆ ಮಾಡಲೋ ಹೂರಣದ ಹೋಳಿಗೆ ಮಾಡಲೋ ಎಂದು ಪಕ್ಕದ ಮನೆ ಪಂಪಕ್ಕನನ್ನು ದಿನಕ್ಕೆರಡು ಸಲ ಕೇಳಿ ಬರುತ್ತಿದ್ದಳು. ಪಂಪಕ್ಕ ಕೊನೆಗೆ ಕೈ ಮುಗಿದು, “ಎರಡೂ ಮಾಡಬೇ, ನನ್ನ ತಲಿ ತಿನಬ್ಯಾಡ” ಎಂದಳು. ಹಬ್ಬದ ಹಿಂದಿನ ವಾರವೆಲ್ಲ, ಬರುವುದು ಇಪ್ಪತ್ತೈದಕ್ಕೆ ಎಂದು ಗೊತ್ತಿದ್ದರೂ, ದಿನಾ ಮೂರರ ಬಸ್ಸಿನ ಹಾರ್ನು ಕೇಳಿದರೆ ಸಾಕು, ಅಮ್ಮ ಕೈಯಲ್ಲಿದ್ದದ್ದನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದು ನೋಡುತ್ತೇನೆ, ಗೋಡೆಯ ಮೇಲಿನ ಯೇಸುವಿನ ಪಟ ಇಲ್ಲ. ಅಮ್ಮ ಅದನ್ನು ತೆಗೆದು ಟ್ರಂಕಿನ ಹಿಂದೆ ಇಟ್ಟಿದ್ದಳು. ಅಪ್ಪ ಗಿರಣಿಯಿಂದ ಬಂದವನು ಖಾಲಿ ಮೊಳೆಯನ್ನು ನೋಡಿದ, ಅಂಗಿ ಬಿಚ್ಚಿ ಅದಕ್ಕೆ ತೂಗುಹಾಕಿದ. ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದ: “ಗಂಗಿ, ಅವರು ಬರಾಕತ್ತಿದ್ದು ನಮ್ಮ ಹಬ್ಬಕ್ಕ. ನಮ್ಮ ದೇವ್ರನ್ನ ಮುಚ್ಚಿಟ್ಟು ಏನ್ ಹಬ್ಬ ತೋರಸ್ತಿ?” ಅಮ್ಮನ ಕಣ್ಣಲ್ಲಿ ನೀರು ಬಂತು. “ಆಕಿ ಹೊಸ್ತಿಲದಾಗ ನಿಂತು ತಿರುಗಿ ಹೋದ್ರ ನಾ ತಡಕೊಳ್ಳಂಗಿಲ್ಲರಿ” ಎಂದಳು. ಪಟ ಮತ್ತೆ ಗೋಡೆಗೆ ಬಂತು. ಆದರೆ ಅಮ್ಮ ಎದುರು ಮೂಲೆಯನ್ನು ಖಾಲಿ ಮಾಡಿ, ಅಲ್ಲಿ ಮಣೆ, ಕಂಚಿನ ತಟ್ಟೆ, ಈಬತ್ತಿ ಉಂಡೆ ಇಟ್ಟಳು. ಅವ್ವ ಪೂಜೆಗೆ ಕೂರಲು ಒಂದು ಜಾಗ ಬೇಕಲ್ಲ.

ಆ ಮೂಲೆ ಜಾಲಿ ಗಿಡದ್ದು. ಇದ್ದದ್ದು ಒಂದೇ ಕೋಣೆ, ಒಂದು ಅಡುಗೆಮನೆ. ಹೀಗಾಗಿ ಆ ವರ್ಷ ನಮ್ಮ ಗಿಡ, ಡಬ್ಬಿ ಸಮೇತ, ಅಂಗಳಕ್ಕೆ ಬಂತು.

ಅಂಗಳದಲ್ಲಿ ಆಡುಗಳು. ಪಂಪಕ್ಕನ ಮೂರು ಆಡುಗಳಿಗೆ ಜಾಲಿಯ ಸೊಪ್ಪೆಂದರೆ ಪ್ರಾಣ, ಅದರ ಮೇಲೆ ಭತ್ತದ ತೆನೆ ಬೇರೆ. ಎರಡು ದಿನ ಕೋಲು ಹಿಡಿದು ಕಾದದ್ದು ನಾನೇ. ಹಬ್ಬದ ಬೆಳಿಗ್ಗೆ ಅಪ್ಪ ಜಮಖಾನ ಹಾಸಲು ಪ್ರಾರ್ಥನೆಯ ಮನೆಗೆ ಬೇಗ ಹೋಗಿದ್ದ. ಅಮ್ಮ ಸುಂದರನನ್ನು ಎಳೆದುಕೊಂಡು ಹೊರಟವಳು, “ಬೀಗ ಹಾಕಿ ಲಗೂನ ಬಾ. ಗಿಡ ಜ್ವಾಕಿ, ಅವ್ವ ನೋಡಬೇಕದನ್ನ” ಎಂದು ಹೇಳಿ ಕೀಲಿಕೈ ನನ್ನ ಕೈಗೆ ಕೊಟ್ಟಳು. ಪಂಪಕ್ಕ ಆಗಲೇ ಭತ್ತ ಕೊಯ್ಯಲು ಹೋಗಿದ್ದಳು. ಸುಗ್ಗಿಯ ಕಾಲ, ಓಣಿಗೆ ಓಣಿಯೇ ಖಾಲಿ. ಆಡುಗಳು ಮಾತ್ರ ನನ್ನನ್ನೇ ನೋಡುತ್ತಾ ನಿಂತಿದ್ದವು.

ನನಗೆ ಒಂದು ಉಪಾಯ ಹೊಳೆಯಿತು. ಈಗಲೂ ಆ ಗಳಿಗೆ ನೆನೆದರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನಿಸುತ್ತದೆ. ಕೊಂಬೆಯನ್ನು ಡಬ್ಬಿಯಿಂದ ಎತ್ತಿ, ಆಡಿಗೆ ಎಟುಕದ ಹಾಗೆ, ಮುಚ್ಚಿದ ಬಾಗಿಲಿಗೆ ಅಡ್ಡಲಾಗಿ ಹಿಡಿದು, ಅಗಳಿಗೂ ಚೌಕಟ್ಟಿನ ಮೊಳೆಗೂ ಹಗ್ಗ ಬಿಗಿದೆ. ಬೀಗಕ್ಕೂ ಕಾವಲು, ಗಿಡಕ್ಕೂ ಕಾವಲು. ಬೆರಳಿಗೆ ಎರಡು ಮುಳ್ಳು ಚುಚ್ಚಿದವು, ಬಾಯಲ್ಲಿಟ್ಟು ಚೀಪುತ್ತಾ ಓಡಿದೆ. ನನ್ನ ಬುದ್ಧಿವಂತಿಕೆಯನ್ನು ಯಾರಿಗೆ ಮೊದಲು ಹೇಳಲಿ ಎಂಬುದೇ ದಾರಿಯುದ್ದಕ್ಕೂ ಯೋಚನೆ.

ಪ್ರಾರ್ಥನೆಯಲ್ಲಿ ಅಮ್ಮ ಕೂತಿರಲಿಲ್ಲ, ಕೂತ ಹಾಗೆ ಮಾಡುತ್ತಿದ್ದಳು. ಸೆರಗಿನ ತುದಿಯನ್ನು ಸುತ್ತುವುದು, ಬಿಡಿಸುವುದು. ಅಯ್ಯನೋರು ಆವತ್ತು ಪ್ರಸಂಗದಲ್ಲಿ ಬೆತ್ಲೆಹೇಮಿಗೆ ಹೊರಟವರು ದಾರಿಯಲ್ಲಿ ಎಲ್ಲರ ಮನೆಗೂ ಹೊಕ್ಕು ಬಂದರು. ಮುಗಿದಾಗ ಬಿಸಿಲು ನೆತ್ತಿಯ ಹತ್ತಿರ. ಹೋಳಿಗೆ ಇನ್ನೂ ಬೇಯಿಸಬೇಕು, ಮೂರಕ್ಕೆ ಬಸ್ಸು ಎಂದು ಅಮ್ಮ ಯಾರ ಕೈಯನ್ನೂ ಸರಿಯಾಗಿ ಕುಲುಕದೆ ನಡೆದಳು. ಅವಳ ಹಿಂದೆ ನಾವು ಓಡಿದೆವು.

ಓಣಿ ತಿರುಗಿದರೆ ಬಾಗಿಲಲ್ಲಿ ಮೂರು ಆಡು. ಒಂದು ಹಿಂಗಾಲ ಮೇಲೆ ನಿಂತು ನನ್ನ ಉಪಾಯವನ್ನು ತಿನ್ನುತ್ತಿತ್ತು. ಇನ್ನೆರಡು ಹೊಸ್ತಿಲಲ್ಲಿ ಏನನ್ನೋ ಮೇಯುತ್ತಿದ್ದವು. ಹತ್ತಿರ ಹೋದೆವು. ಕಟ್ಟೆಯ ಮೇಲೆ ಒಂದು ಹಳೆ ಸೀರೆಯ ತುಂಡಿನ ಗಂಟು ಬಿಚ್ಚಿ ಬಿದ್ದಿತ್ತು. ಅಕ್ಕಿ ಚೆಲ್ಲಿತ್ತು. ಒಂದು ತೆಂಗಿನಕಾಯಿ, ಅರ್ಧ ಅಗಿದ ವೀಳ್ಯದೆಲೆ, ಉತ್ತತ್ತಿ, ಬೆಲ್ಲ, ಒಂದು ಹಸಿರು ಕುಪ್ಪಸದ ಖಣ. ಮಗಳಿಗೆ ಉಡಿ ತುಂಬಲು ತವರಿನವರು ತರುವ ಸಾಮಾನು.

ಅಮ್ಮ ಗಂಟನ್ನು ನೋಡಿದಳು. ಆಮೇಲೆ ಬಾಗಿಲನ್ನು ನೋಡಿದಳು.

“ಇದನ್ನ ಯಾರ ಕಟ್ಟಿದ್ರು?”

ನಾನು ಹೆಮ್ಮೆಯಿಂದಲೇ, “ನಾನಽ. ಆಡು ತಿಂತಾವಂತ” ಎಂದೆ.

ನಮ್ಮ ಸೀಮೆಯ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ತೀರಿಕೊಂಡರೆ ಆ ಮನೆಯನ್ನು ತಿಂಗಳುಗಟ್ಟಲೆ ಬಿಟ್ಟು ಹೋಗುತ್ತಾರೆ. ಹೋಗುವಾಗ ಬಾಗಿಲು ಹಾಕಿ, ಅದಕ್ಕೆ ಅಡ್ಡಲಾಗಿ ಮುಳ್ಳಿನ ಕಂಟಿ ಕಟ್ಟುತ್ತಾರೆ. ಮುಳ್ಳು ಕಂಡರೆ ದಾರಿಹೋಕರಿಗೂ ಗೊತ್ತಾಗುತ್ತದೆ, ಈ ಮನೆಯಲ್ಲಿ ಸಾವಾಗಿದೆ ಎಂದು. ಗಿರಣಿಯ ಓಣಿಯಲ್ಲಿ ಬೆಳೆದ ನನಗೆ ಅದು ಗೊತ್ತಿರಲಿಲ್ಲ. ಕೌಲ್ ಬಜಾರಿನ ಅಪ್ಪನಿಗೂ ಗೊತ್ತಿರಲಿಲ್ಲ. ಅವನು ಬೆಲ್ಲದ ಮೇಲಿನ ಇರುವೆ ಕೊಡವುತ್ತಿದ್ದ.

“ಅವ್ವ ಬಂದಿದ್ಲು” ಎಂದಳು ಅಮ್ಮ. “ನಾ ಸತ್ತೇನಿ ಅಂತ ತಿಳಕೊಂಡು ಹೋದ್ಲು.”

ಅಷ್ಟು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ಓಡಿದಳು. ಹಬ್ಬಕ್ಕೆಂದು ಉಟ್ಟ ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು, ಚಪ್ಪಲಿ ಅಲ್ಲೇ ಬಿಟ್ಟು. ಕೀಲಿಕೈಯನ್ನು ಅಪ್ಪನ ಕಡೆ ಎಸೆದು ನಾನೂ ಓಡಿದೆ. ಅಮ್ಮನಿಗಿಂತ ಮುಂದೆ ಓಡಿದೆ. ಏನಾಗಿದೆ ಎಂದು ನನಗೆ ಪೂರ್ತಿ ತಿಳಿದಿರಲಿಲ್ಲ. ನನ್ನಿಂದ ಆಗಿದೆ ಎಂಬುದು ಮಾತ್ರ ತಿಳಿದಿತ್ತು, ಮತ್ತು ಆ ಬಸ್ಸು ಹೋಗಿಬಿಟ್ಟರೆ ಅಮ್ಮ ನನ್ನನ್ನು ಇನ್ನು ಯಾವತ್ತೂ ಮಾತಾಡಿಸುವುದಿಲ್ಲ ಎಂದು ಹೆದರಿಕೆ.

ಬಸ್ಸು ನಿಂತಿತ್ತು. ಎಂಜಿನ್ ಶುರುವಾಗಿತ್ತು. ಕಂಡಕ್ಟರ್ “ಕುರುಗೋಡಾ, ಕುರುಗೋಡಾ” ಎಂದು ಕೂಗುತ್ತಿದ್ದ. ಚಹಾದಂಗಡಿಯ ಕಂಬಕ್ಕೆ ಒರಗಿ ನೆಲದ ಮೇಲೆ ಒಬ್ಬಳು ಮುದುಕಿ ಕೂತಿದ್ದಳು. ಹಣೆಯ ತುಂಬ ಈಬತ್ತಿ, ಬೆವರಿಗೂ ಕಣ್ಣೀರಿಗೂ ಅದೆಲ್ಲ ಕೆನ್ನೆಗೆ ಇಳಿದಿತ್ತು. ಎದೆಗೆ ಮೆಲ್ಲಗೆ ಗುದ್ದಿಕೊಳ್ಳುತ್ತಿದ್ದಳು. ಅಂಗಡಿಯವನು ನನಗೆ, “ಆವಾಗಿಂದ ಅಳಾಕತ್ತೈತಮ್ಮ ಈ ಅಜ್ಜಿ. ಎರಡು ಬಸ್ ಬಿಟ್ಟೈತಿ. ಕೇಳಿದ್ರ ಹೇಳವಲ್ದು” ಎಂದ.

ನಾನು ಅವಳ ಮುಂದೆ ಹೋಗಿ ನಿಂತೆ. ಏದುಸಿರು, ಮಾತು ಬರುತ್ತಿಲ್ಲ. ಅವಳು ತಲೆಯೆತ್ತಿದಳು. ನನ್ನ ಮುಖವನ್ನು ನೋಡುತ್ತಾ ನೋಡುತ್ತಾ ಅವಳ ಅಳು ನಿಂತುಹೋಯಿತು.

“ಗಂಗಿ ಮಗಳಲ್ಲೇನ ನೀನು?”

ಹೂಂ ಎಂದು ತಲೆಯಾಡಿಸಿದೆ.

“ನಿಮ್ಮವ್ವಗ ಏನಾಗಿತ್ತಬೇ?”

“ಏನೂ ಆಗಿಲ್ಲ! ಯಾರೂ ಸತ್ತಿಲ್ಲ! ಅದು ಕ್ರಿಸ್ಮಸ್ ಗಿಡ! ಆಡು ತಿಂತಾವಂತ ನಾ ಕಟ್ಟಿದ್ದು!” ಎಂದು ಒಂದೇ ಉಸಿರಿಗೆ ಕಿರುಚಿ, ಅಲ್ಲೇ ಭೋ ಎಂದು ಅತ್ತುಬಿಟ್ಟೆ.

ಅಷ್ಟರಲ್ಲಿ ಅಮ್ಮ ಬಂದಳು. ಬರಿಗಾಲು, ಕೆದರಿದ ತಲೆ. ಹನ್ನೆರಡು ವರ್ಷದ ಮೇಲೆ ತಾಯಿ ಮಗಳು ಎದುರಾದರೆ ಅಪ್ಪಿಕೊಳ್ಳುತ್ತಾರೆ ಎಂದು ನೀವು ಅಂದುಕೊಂಡಿರಬೇಕು. ಅಜ್ಜಿ ಎದ್ದವಳೇ ಅಮ್ಮನ ಬೆನ್ನಿಗೆ ಎರಡೂ ಕೈಯಿಂದ ಗುದ್ದಲು ಶುರು ಮಾಡಿದಳು.

“ಹಬ್ಬದ ದಿನ ಬಾಗ್ಲಿಗೆ ಮುಳ್ಳ ಹಾಕ್ಕೊಂತಾರೇನಲೇ ಯಾರರೆ? ಮ್ಯಾಲ ಹತ್ತಿ ಅರಳಿ ಬ್ಯಾರೆ ಮೆತ್ತೀರಿ! ನಿನ್ನ ಹೆಣಾ ಎತ್ಲಿ...”

ಎಂದವಳು ಗಕ್ಕನೆ ನಿಂತು, ಅದೇ ಕೈಯಿಂದ ತನ್ನ ಬಾಯಿಗೆ ಪಟಪಟನೆ ಬಡಿದುಕೊಂಡಳು. ನಾಲಗೆಗೆ ರೂಢಿಯಾದ ಬೈಗುಳ, ಬಂದುಬಿಟ್ಟಿತ್ತು. ಅಮ್ಮ ನಕ್ಕಳು. ಅಜ್ಜಿಯೂ ನಕ್ಕಳು. ಆಮೇಲೆ ಇಬ್ಬರೂ ಒಬ್ಬರ ಹೆಗಲಿಗೆ ಒಬ್ಬರು ತಲೆಯಿಟ್ಟು ಅತ್ತರು, ಕಂಡಕ್ಟರು ಸೀಟಿ ಊದಿ ಬಸ್ಸು ಬಿಟ್ಟುಕೊಂಡು ಹೋದ.

“ಯಾರನ್ನರ ಕೇಳಬೇಕಿಲ್ಲಬೇ ಅವ್ವಾ?” ಎಂದು ಅಮ್ಮ ದಾರಿಯಲ್ಲಿ ಕೇಳಿದಳು.

“ಯಾರನ್ನ ಕೇಳ್ಲಿ? ಕೇಳಿದ್ರ ಹೂಂ ಅಂದುಬಿಟ್ರ?” ಎಂದಳು ಅಜ್ಜಿ.

ಮೂರಕ್ಕೆ ಬರುತ್ತೇನೆಂದವಳು ಬೆಳಿಗ್ಗೆಯೇ ಯಾಕೆ ಬಂದಳೆಂದು ಅವಳೇ ಹೇಳಿದಳು. ನಿದ್ದೆ ಬಂದಿರಲಿಲ್ಲವಂತೆ. ಮೊದಲ ಬಸ್ಸಿಗೆ ಬಂದು, ಹೊಸ್ತಿಲಲ್ಲೇ ಉಡಿ ತುಂಬಿ, ಒಳಗೆ ಕಾಲಿಡದೆ, ನೀರೂ ಮುಟ್ಟದೆ ಮುಂದಿನ ಬಸ್ಸಿಗೆ ತಿರುಗಿಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳಂತೆ. ಮಗಳ ಮನೆಯ ಹೊಸ್ತಿಲು ದಾಟುವುದಿಲ್ಲ ಎಂದು ಅಜ್ಜನಿಗೆ ಮಾತು ಕೊಟ್ಟಿದ್ದಳು. “ನಾ ಒಳಗ ಬರಬಾರದಂತ ಬಂದಿದ್ದೆ. ಮುಳ್ಳ ನೋಡಿದ ಮ್ಯಾಲ, ಅಯ್ಯೋ ಒಳಗ ಹೋಗಾಕ ಒಂದ ಬಾಗ್ಲ ಇದ್ದಿದ್ರ ಅನಸ್ತು” ಎಂದಳು. ಅಪ್ಪ ಅಷ್ಟರಲ್ಲಿ ಜಾಲಿ ಬಿಚ್ಚಿ ಎಸೆದು, ಬಾಗಿಲಿನ ಎರಡೂ ಕದ ತೆರೆದು, ಬಾಗಿಲ ಪಕ್ಕ ಶಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದ. ಅಜ್ಜಿ ಅವನನ್ನು ನೋಡಲಿಲ್ಲ. ಆದರೆ ಬಲಗಾಲಿಟ್ಟು ಒಳಗೆ ಬಂದಳು.

ಪೂಜೆಗೆ ಕೂತಳು. ಆಮೇಲೆ ಊಟಕ್ಕೆ ಕೂತಳು. ಎರಡೂ ಬಗೆಯ ಹೋಳಿಗೆ ತಿಂದಳು. ಸುಂದರ ಅವಳ ತೊಡೆ ಬಿಟ್ಟು ಏಳಲಿಲ್ಲ. ಕೋಳಿಯ ದೂರನ್ನು ಅವಳಿಗೂ ಕೊಟ್ಟ, ಅಮ್ಮ ಗಾಬರಿಯಾಗಿ ಕೆಮ್ಮಿದಳು. ಅಜ್ಜಿ ನಕ್ಕು ಅವನ ತಲೆ ಸವರಿದಳು.

ಉಂಡು ಎದ್ದು ಗೋದಲಿಯ ಮುಂದೆ ನಿಂತಳು. ಹುಲ್ಲಿನ ಮೇಲೆ ಗ್ರೀಸು ಮೆತ್ತಿದ ಯೋಸೇಫ, ಮೂರು ಕಾಲಿನ ಕುರಿಗಳು.

“ಯಾರ ಕೂಸಬೇ ಇದು? ಇಷ್ಟು ಛಳ್ಯಾಗ ಬರೇ ಮೈಯಾಗ ಮಲಗಿಸೀರಿ.”

ಎಂದು ಆಡು ಕಡಿದು ಉಳಿಸಿದ್ದ ಆ ಹಸಿರು ಖಣವನ್ನು ಮಡಿಸಿ ಕೂಸಿನ ಮೇಲೆ ಹೊದಿಸಿದಳು. ಅಪ್ಪ ಧೈರ್ಯ ಮಾಡಿ, ದೂರ ನಿಂತೇ ಕಥೆ ಹೇಳಿದ: ತುಂಬಿದ ಬಸುರಿ, ಪರ ಊರು, ಎಲ್ಲೂ ಜಾಗ ಸಿಗಲಿಲ್ಲ, ಕೊನೆಗೆ ದನದ ಕೊಟ್ಟಿಗೆ. ಅಜ್ಜಿ ಗಮನವಿಟ್ಟು ಕೇಳಿದಳು. ಕೇಳಿ ಸಿಟ್ಟಾದಳು.

“ದಿನ ತುಂಬಿದ ಹೆಣಮಗಳನ್ನ ಹಂಗ ಊರೂರು ತಿರುಗಸ್ತಾರೇನು? ಆಕಿಗೆ ತವರುಮನಿ ಇರಲಿಲ್ಲೇನು? ಹಡದ ತಾಯಿ ಏನ್ ಮಾಡಾಕತ್ತಿದ್ಲು?”

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನೇನು ಹೇಳಿದೆ ಎಂದು ಗೊತ್ತಾಯಿತು. ಅಮ್ಮ ತಾಟುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಜ್ಜಿ ನನ್ನನ್ನು ಹತ್ತಿರ ಕರೆದು, “ನೀ ಎಲ್ಲಿ ಹುಟ್ಟಿದೆಬೇ?” ಎಂದು ಕೇಳಿದಳು. ಇದೇ ಕೋಣೆಯಲ್ಲಿ, ಪಂಪಕ್ಕನೇ ಹೆರಿಗೆ ಮಾಡಿಸಿದ್ದು, ಎಂದೆ. ಅಜ್ಜಿ ಆ ನೆಲವನ್ನು ಕೈಯಿಂದ ಮುಟ್ಟಿ ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ, ಆಡು ತಿಂದು ಉಳಿದ ಅಕ್ಕಿಯನ್ನೇ ಆರಿಸಿ, ಅಮ್ಮನ ಸೆರಗಿಗೆ ಉಡಿ ತುಂಬಿದಳು. ಇಬ್ಬರೂ ಒಳಗೆ ಏನು ಮಾತಾಡಿದರೋ, ನಾನು ಎರಡು ಸಲ ಇಣುಕಿದೆ, ಎರಡು ಸಲವೂ ಅಪ್ಪ ಕಿವಿ ಹಿಡಿದು ಎಳೆದ.

ಅಜ್ಜಿ ಮೂರರ ಬಸ್ಸಿಗೆ ಹೊರಟಳು. ಗಂಡುಮಕ್ಕಳಿಗೆ ಗೊತ್ತಾಗುವ ಮೊದಲೇ ಮನೆ ಸೇರಬೇಕು. ಬಸ್ಸು ಹತ್ತುವಾಗ ಅಪ್ಪ ಚೀಲ ಕೊಟ್ಟ. “ಅಳಿಯಾರ, ಬರ್ತೀನ್ರಿ” ಎಂದಳು, ಮುಖ ನೋಡದೆ. ಅಪ್ಪ ಸಂಜೆಯವರೆಗೂ ಅದನ್ನೇ ಹೇಳಿಕೊಂಡು ತಿರುಗಿದ. ಬರುವ ವರ್ಷ ಎರಡು ದಿನ ಇದ್ದು ಹೋಗುತ್ತೇನೆ, ಆ ಮುಳ್ಳು ಮಾತ್ರ ನನ್ನ ಕಣ್ಣಿಗೆ ಬೀಳಬಾರದು ಎಂದು ಕಿಟಕಿಯಿಂದ ನನಗೆ ಬೆರಳು ತೋರಿಸಿ ಹೇಳಿದ್ದಳು.

ಮರುವರ್ಷ ನಾವು ಜಾಲಿ ತರಲಿಲ್ಲ. ಅಪ್ಪ ಬೇವಿನ ಕೊಂಬೆ ತರುತ್ತೇನೆಂದಿದ್ದ. ಹಬ್ಬಕ್ಕೆ ಇನ್ನೂ ತಿಂಗಳಿತ್ತು. ಒಂದು ಮಧ್ಯಾಹ್ನ ಅಪ್ಪ ಹೊತ್ತಲ್ಲದ ಹೊತ್ತಿಗೆ ಗಿರಣಿಯಿಂದ ಮನೆಗೆ ಬಂದ. ಬಾದನಹಟ್ಟಿಯ ಬಂಡಿ ಬಂದಿತ್ತು. ಕರಿಬಸಪ್ಪ ಸುದ್ದಿ ಹೇಳಿದ್ದ: ಅಜ್ಜಿ ಹೋಗಿ ಒಂಬತ್ತು ದಿನ ಆಗಿತ್ತು. ಮಾವಂದಿರು ಈ ಸಲವೂ ಕರೆ ಕಳಿಸಿರಲಿಲ್ಲ.

ಅಮ್ಮ ಅಳುತ್ತಾಳೆ ಎಂದು ನಾವು ಕಾದೆವು. ಅವಳು ಅಳಲಿಲ್ಲ. ಎದ್ದಳು, ಕೂತಳು, ಮತ್ತೆ ಎದ್ದಳು. ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟು ಹಿಂದಕ್ಕೆ ಒಂಬತ್ತು ಮನೆ ಎಣಿಸಿದಳು. ಆ ದಿನದ ಮೇಲಿಂದ ಬೆರಳು ತೆಗೆಯಲಿಲ್ಲ.

“ಬುಧವಾರ” ಎಂದಳು. “ಏನ್ ಮಾಡಾಕತ್ತಿದ್ವಿ ಆವತ್ತು?”

ಅಪ್ಪ ನನ್ನ ಮುಖ ನೋಡಿದ. ನಾನು ಅಪ್ಪನ ಮುಖ ನೋಡಿದೆ. ಯಾರಿಗೂ ನೆನಪಿರಲಿಲ್ಲ.

“ನಾ ಸಾಯದಿದ್ರೂ ಆಕಿ ನನಗ ಬೀದ್ಯಾಗ ಕುಂತು ಅತ್ಲು” ಎಂದಳು ಅಮ್ಮ, ಗೋಡೆಗೆ ಮುಖ ಮಾಡಿಕೊಂಡೇ. “ಆಕಿ ಸತ್ತ ದಿನ ನಾ ನಕ್ಕೊಂತ ಇದ್ದೆನೋ ಏನೋ.”